ಉತ್ತಮ ಪುರುಷ, ಏಕವಚನ

ಸಂಪಾದಕರೇ,
ಹಂಪನಕಟ್ಟೆಯಲ್ಲಿ ಮೆಟ್ಟಿಲ ಕೆಳಗಿನ
ಜೆರಾಕ್ಸ್ ಅಂಗಡಿಯಿಂದ ಬರೆಯುತ್ತಿದ್ದೇನೆ.
ಶಟರು ಅರ್ಧ ಎಳೆದಾಗಿದೆ. ಗ್ರೆಟ್ಟಾ ಬಾಯಿ ಕೀಲಿಕೈ ಕೊಟ್ಟು
ಎಂಟೂವರೆಯ ಬಸ್ಸಿಗೆ ಬೋಂದೆಲಿಗೆ ಹೋದರು,
‘ಫ್ಯಾನು ಆಫ್ ಮಾಡು ಮಾರಾಯ್ತಿ’ ಎಂದು.
ಮಾರಾಯ್ತಿ. ಇರಲಿ. ಬೈಗುಳವಲ್ಲ ಅದು, ಅಭ್ಯಾಸ.

ನಿಮ್ಮ ‘ಒತ್ತಕ್ಷರ’ದ ಕರೆ ನನಗೆ ಸಿಕ್ಕಿದ್ದು
ಕಂಕನಾಡಿಯ ನರ್ಸೊಬ್ಬಳ ಪೆನ್‌ಡ್ರೈವಿನಲ್ಲಿ.
ಇಪ್ಪತ್ತು ಪ್ರತಿ ಬೇಕೆಂದಳು.
ಇಪ್ಪತ್ತೊಂದು ತೆಗೆದೆ. ಲೆಕ್ಕಕ್ಕೆ ಬರೆಯಲಿಲ್ಲ.

ಕವಿತೆ ಮೂರು ಮೀರಬಾರದು. ಯುನಿಕೋಡ್ ಕಡ್ಡಾಯ.
ಹೆಸರು, ನಿಮಗೆ ಬೇಕಾದ ಹೆಸರು.
ಪರಿಚಯ ನಾಲ್ಕು ಸಾಲು, ಪ್ರಥಮ ಪುರುಷದಲ್ಲಿ.
ಇವತ್ತು ರಾತ್ರಿ ಹನ್ನೆರಡಕ್ಕೆ ಕೊನೆ.

ಕವಿತೆ ಕಷ್ಟವಾಗಲಿಲ್ಲ.
ಆರು ವರ್ಷದಿಂದ ನುಡಿಯಲ್ಲಿ ಹೊಡೆದು
‘ಕರೆಂಟ್ ಬಿಲ್ ಹಳೇದು’ ಎಂಬ ಫೋಲ್ಡರಿನಲ್ಲಿ ಇಟ್ಟಿದ್ದೆ,
ಯಾರೂ ತೆರೆಯುವುದಿಲ್ಲ ಅದನ್ನು.
ಯುನಿಕೋಡಿಗೆ ತಿರುಗಿಸಿದಾಗ ಅರ್ಕಾವತ್ತುಗಳೆಲ್ಲ ಜಾರಿ
ಪಕ್ಕದ ಅಕ್ಷರದ ಹೆಗಲೇರಿದವು;
ಒಂದೊಂದನ್ನೇ ಹಿಡಿದು ಅದರ ಜಾಗದಲ್ಲಿ ಕೂರಿಸಿದೆ.
ಕಸುಬೇ ಅದು ನನ್ನದು. ಹೆಸರು ತಿದ್ದುವ ಅಫಿಡವಿಟ್ಟು
ದಿನಕ್ಕೆ ನಾಲ್ಕಾದರೂ ಹೊಡೆಯುತ್ತೇನೆ:
ಆಧಾರಿನಲ್ಲಿ ಜಲಜ, ರೇಶನ್ ಕಾರ್ಡಿನಲ್ಲಿ ಜಲಜಾಕ್ಷಿ,
‘ಎರಡೂ ಹೆಸರಿನ ವ್ಯಕ್ತಿ ಒಬ್ಬರೇ ಆಗಿರುತ್ತಾರೆ.’
ಆ ಸಾಲು ಬಾಯಿಪಾಠ.
ನನ್ನದಕ್ಕೆ ಇನ್ನೂ ಹೊಡೆದಿಲ್ಲ.

ಕಷ್ಟವಾದದ್ದು ಪರಿಚಯ.

ಏಳನೇ ಕ್ಲಾಸಿನಲ್ಲಿ ವಾರಿಜ ಟೀಚರು ಬೋರ್ಡಿನ ಮೇಲೆ ಬರೆದರು:
ನಾನು, ಉತ್ತಮ ಪುರುಷ.
ನೀನು, ಮಧ್ಯಮ. ಅವನು ಅವಳು ಅದು, ಪ್ರಥಮ.
ಎರಡು ಜಡೆ, ಕೆಂಪು ರಿಬ್ಬನ್ನು, ಎರಡನೇ ಬೆಂಚು:
ಮೊದಲ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದೆ,
ಹಾಳೆ ಹರಿಯುವಷ್ಟು.
ವ್ಯಾಕರಣಕ್ಕೆ ಗೊತ್ತಿದೆಯಲ್ಲ!
ನಾನು ಬಂದೆ, ನಾನು ಉಂಡೆ, ನಾನು ಬಿದ್ದೆ,
ಕ್ರಿಯಾಪದ ಬಾಗಿಲಲ್ಲಿ ನಿಲ್ಲಿಸಿ ಏನನ್ನೂ ಕೇಳುವುದಿಲ್ಲ.
ಅವಳು ಬಂದಳು, ಅಲ್ಲಿಂದ ಶುರು.
ಆ ‘ಳು’ ನನ್ನ ಹಿಂದೆಯೇ ಬಸ್ಸು ಹತ್ತುತ್ತದೆ,
ಹೆಂಗಸರ ಸೀಟು ತೋರಿಸುತ್ತದೆ.

ಅಮ್ಮನಿಗೆ ಹೇಳಿದ್ದು ಒಂದು ಮಂಗಳವಾರ.
ಬೊಕ್ಕಪಟ್ಣದ ಮನೆಯ ಹಿಂದೆ ಬಂಗುಡೆಯ ಕಿವಿರು ಕೀಳುತ್ತಿದ್ದಳು,
ಕೈ ನಿಲ್ಲಲಿಲ್ಲ.
‘ಊರೆಲ್ಲ ಗಂಡು ಬೇಕೆಂದು ಹರಕೆ ಹೊರುತ್ತದೆ.
ನಮಗೆ ಯಾಕೆ ಗಂಡು?
ಕುಟುಂಬ ನಿನ್ನಿಂದಲ್ಲವ ಮುಂದೆ ಹೋಗಬೇಕಿದ್ದದ್ದು?’
ಅಳಿಯಕಟ್ಟಿನ ಮನೆಯಲ್ಲಿ ಒಬ್ಬಳೇ ಮಗಳು ಮಗನಾದರೆ
ಸಾಲು ಅಲ್ಲಿಗೆ ಮುಗಿಯುತ್ತದೆ.
ಅದನ್ನು ನಾನು ಯೋಚಿಸಿರಲಿಲ್ಲ.
ಮೀನು ತೊಳೆದ ನೀರನ್ನು ತೆಂಗಿನ ಬುಡಕ್ಕೆ ಚೆಲ್ಲಿ ಬಂದು
‘ಹೆಸರು?’ ಎಂದಳು.
ಮಂಗಳವಾರ ಹುಟ್ಟಿದವರಿಗೆ ಹಿಂದಿನವರು ಇಡುತ್ತಿದ್ದದ್ದನ್ನು ಹೇಳಿದೆ.
‘ಥೂ, ಮುದುಕನ ಹೆಸರು’ ಎಂದು ನಕ್ಕಳು.
ಆಮೇಲೆ ಮೂರು ದಿನ ಮಾತಾಡಲಿಲ್ಲ.

ಸಂಪಾದಕರೇ, ಗಂಟೆ ಹನ್ನೊಂದೂ ಮುಕ್ಕಾಲು.
‘ಅವನು ಮಂಗಳೂರಿನವನು’ ಎಂದು ಹೊಡೆದೆ, ಅಳಿಸಿದೆ.
ಸುಳ್ಳೆಂದಲ್ಲ.
ಈಗಷ್ಟೇ ಇಸ್ತ್ರಿಯಾಗಿ ಬಂದ ಅಂಗಿಯ ಹಾಗಿತ್ತು,
ಬಿಸಿ ಆರುವವರೆಗೆ ಕೈಯಲ್ಲೇ ಹಿಡಿದುಕೊಂಡಿರೋಣ ಅನ್ನಿಸಿತು.
‘ಅವರು’ ಎಂದರೆ ಯಾರೋ ಪಂಚಾಯತ್ ಅಧ್ಯಕ್ಷರು.
ಹಾಗಾಗಿ ನಿಯಮ ಮುರಿದೇ ಕಳಿಸುತ್ತಿದ್ದೇನೆ:

ನಾನು ಅಂಗರ. ಡಿಟಿಪಿ ಮಾಡುತ್ತೇನೆ.
ಕಡಲ ಹತ್ತಿರ ಮನೆ, ಈಜು ಬರುವುದಿಲ್ಲ.
ಈವರೆಗೆ ಎಲ್ಲೂ ಪ್ರಕಟವಾಗಿಲ್ಲ.

ಇದು ಉತ್ತಮ ಪುರುಷ. ದಯವಿಟ್ಟು ತಿದ್ದಬೇಡಿ.
ಕವಿತೆ ಬೇಡವಾದರೆ ಬೇಡ ಎನ್ನಿ,
ಹೆಸರು ಹಿಡಿದು ಎನ್ನಿ.

ಕಳಿಸಿದೆ.
ಫ್ಯಾನು ಆಫ್ ಮಾಡಿದೆ.
ಗಲ್ಲಾದ ಪುಸ್ತಕದಲ್ಲಿ ಇವತ್ತಿನ ಕೊನೆಯ ಸಾಲು, ಪೆನ್ನಿನಲ್ಲಿ:
ಬಾಕಿ ಪ್ರತಿ ಒಂದು, ಎರಡು ರೂಪಾಯಿ, ಗಿರಾಕಿ ಅಂಗರ.
ನಾಳೆ ಬಾಯಿ ಕನ್ನಡಕ ಏರಿಸಿ ಕೇಳುತ್ತಾರೆ,
ಯಾರು ಮಾರಾಯ್ತಿ ಇವ?